ಭಜನೆಯ ಲೈವ್ ಶುರುವಾದ ಮೇಲೆ ಜನ ಬರುತ್ತಿಲ್ಲ: ನಿಲ್ಲಿಸಬೇಕಾ?

ಶನಿವಾರ ಏಳು ಗಂಟೆಯ ಭಜನೆಯನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಲು ಶುರುಮಾಡಿದ ಮೇಲೆ ಜನ, ಅದರಲ್ಲೂ ಹುಡುಗರು, ಬರುವುದು ಕಡಿಮೆ ಆಗಿದೆ, ಲೈವ್ ನಿಲ್ಲಿಸಬೇಕಾ, ಇಲ್ಲ ಜೂಮ್‌ನಲ್ಲಿ ಒಟ್ಟಿಗೆ ಹಾಡಬಹುದಾ ಅಂತ ಕೇಳಿದ್ದೀರಿ. ಜನ ಕಡಿಮೆ ಆಗಿದ್ದು ಲೈವ್‌ನಿಂದ ಅನ್ನುವುದಕ್ಕಿಂತ, ಲೈವ್ ಮುಗಿದ ಮೇಲೂ ವೀಡಿಯೊ ಚಾನೆಲ್‌ನಲ್ಲೇ ಉಳಿಯುವುದರಿಂದ ಅನ್ನಿಸುತ್ತದೆ. ಭಾನುವಾರ ಕಾಫಿ ಕುಡಿಯುತ್ತಾ ನೋಡಬಹುದು ಅಂದ ಮೇಲೆ ಮಳೆಯಲ್ಲಿ ಕೊಡೆ ಹಿಡಿದು ಯಾರು ಹೊರಡುತ್ತಾರೆ ಹೇಳಿ? ಹಾಗಂತ ಪೂರ್ತಿ ನಿಲ್ಲಿಸಬೇಡಿ. ಮಂಡಿ ನೋವಿನ ಹಿರಿಯರು, ದುಬೈಯಲ್ಲಿರುವ ಮಕ್ಕಳು ನೋಡುತ್ತಾರೆ ಅಂತ ನೀವೇ ಬರೆದಿದ್ದೀರಲ್ಲ, ಅವರಿಗೆ ಅದು ಬೇಕು.

ಮೊದಲು ಲೈವ್‌ನ ಸೆಟ್ಟಿಂಗ್‌ನಲ್ಲಿ ಪಬ್ಲಿಕ್ ತೆಗೆದು ಅನ್‌ಲಿಸ್ಟೆಡ್ ಮಾಡಿ, ಅಂದರೆ ಲಿಂಕ್ ಇದ್ದವರಷ್ಟೇ ನೋಡುವ ಹಾಗೆ. ಲಿಂಕನ್ನು ಬರಲಾಗದವರಿಗೆ ಮಾತ್ರ ಒಬ್ಬೊಬ್ಬರಿಗೇ ಕಳಿಸಿ, ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಮಂಗಳಾರತಿ ಆದ ಮೇಲೆ ವೀಡಿಯೊ ಪ್ರೈವೇಟ್ ಮಾಡಿ. ಆಮೇಲೆ ಕೆಲಸ ಹಂಚಿ. ಈ ವಾರ ತಾಳ ಯಾರದು, ಹಾರ್ಮೋನಿಯಂ ಯಾರದು, ಪ್ರಸಾದದ ಅವಲಕ್ಕಿ ಯಾರು ತರುತ್ತಾರೆ ಅಂತ ಗುರುವಾರವೇ ಗ್ರೂಪಿನಲ್ಲಿ ಹೆಸರು ಹಾಕಿಬಿಡಿ. ಸುಮ್ನೆ ಕೂತು ಕೇಳುವವರು ತಪ್ಪಿಸಿಕೊಳ್ಳುತ್ತಾರೆ, ಅವಲಕ್ಕಿ ಒಪ್ಪಿಕೊಂಡವರು ತಪ್ಪಿಸಿಕೊಳ್ಳುವುದು ಕಷ್ಟ.

ಜೂಮ್‌ನಲ್ಲಿ ಎಲ್ಲರೂ ಒಟ್ಟಿಗೆ ಹಾಡುವ ಯೋಚನೆ ಮಾತ್ರ ಬಿಡಿ. ದನಿ ಸ್ವಲ್ಪ ತಡವಾಗಿ ತಲುಪುತ್ತದೆ, ಹಾಗಾಗಿ ಪಲ್ಲವಿ ಒಬ್ಬೊಬ್ಬರದು ಒಂದೊಂದು ಕಡೆ ಓಡುತ್ತದೆ, ಸಾಲದ್ದಕ್ಕೆ ತಾಳದ ಸದ್ದನ್ನೇ ಗಲಾಟೆ ಅಂದುಕೊಂಡು ಆ ಆ್ಯಪ್ ಅಡಗಿಸಿಬಿಡಬಹುದು. ದೂರದವರು ಲೈವ್ ನೋಡುತ್ತಾ ಮನೆಯಲ್ಲೇ ದನಿಗೂಡಿಸಲಿ.

ಹುಡುಗರು ವಾಪಸ್ ಬರುತ್ತಾರೆ ಅನ್ನುವ ಗ್ಯಾರಂಟಿ ಕೊಡಲಾರೆ. ಒಂದು ತಿಂಗಳು ನೋಡಿ, ಆಮೇಲೂ ಬರದಿದ್ದವರಿಗೆ ಮೆಸೇಜ್ ಬೇಡ, ಫೋನ್ ಮಾಡಿ ಕೇಳಿ. ಏಳು ಗಂಟೆಯ ಸಮಯವೇ ಅವರಿಗೆ ಅಡ್ಡಿಯಾಗಿರಬಹುದು.