ಮೇಷ್ಟ್ರನ್ನ ಕೇಳಿ: ಕುತ್ತಿಗೆ, ಗಂಜಿ, ಗಾಳಿ ಮತ್ತು ‘ಸ್ಟಿಫನ್’

ಪ್ರಶ್ನೆ: ಮೇಷ್ಟ್ರೇ, ನಾನು ನರ್ಸಿಂಗ್ ಓದ್ತಿದ್ದೇನೆ. ನಮ್ಮ ಪುಸ್ತಕದಲ್ಲಿ ಕೀಲುಗಳು ‘ಸ್ಟಿಫನ್’ ಆಗುತ್ತವೆ ಅಂತಿದೆ. ಇಂಗ್ಲಿಷ್ ಪೇಪರ್‌ನಲ್ಲಿ ವಿರೋಧ ‘ಸ್ಟಿಫನ್’ ಆಯ್ತು ಅಂತಾರೆ, ಗಾಳಿಗೂ ಅದೇ ಮಾತು. ಡಿಕ್ಷನರಿ ನೋಡಿದರೆ ‘ಗಡುಸಾಗು’ ಅಂತ ಮಾತ್ರ ಇದೆ. ಹೇಗೆ ಅರ್ಥ ಮಾಡ್ಕೊಳ್ಳೋದು?
– ಒಬ್ಬ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ‘ಗಡುಸಾಗು’ ಅನ್ನೋದನ್ನ ಬಾಯಿಪಾಠ ಮಾಡಬೇಡಮ್ಮ. ಯಾವುದು ಸ್ಟಿಫನ್ ಆಗ್ತಿದೆ ಅಂತ ಮೊದಲು ನೋಡು. ಕನ್ನಡದ ಮಾತು ತಾನಾಗೇ ಸಿಗುತ್ತೆ. ಮಂಡಿ ಆದರೆ ಹಿಡಿದುಕೊಳ್ಳುತ್ತೆ. ಹೆದರಿದ ಮನುಷ್ಯ ಆದರೆ ಮೈ ಬಿಗಿ ಹಿಡಿಯುತ್ತಾನೆ. ವಿರೋಧ ಬಲವಾಗುತ್ತೆ, ಶಿಕ್ಷೆ ಕಠಿಣವಾಗುತ್ತೆ. ನಿಮ್ಮ ಜೋಗಿಮಟ್ಟಿ ಬೆಟ್ಟದ ಕಡೆ ಬೀಸುತ್ತಲ್ಲ, ಅಂಥ ಗಾಳಿ ಜೋರಾಗುತ್ತೆ. ಸುಲಭವಾಗಿ ಬಾಗುತ್ತಿದ್ದದ್ದು ಈಗ ಬಾಗೋದಿಲ್ಲ, ಜಗ್ಗೋದಿಲ್ಲ ಅನ್ನೋದು ಇದರ ತಿರುಳು.

ತಾನಾಗಿ ಆಗೋದಕ್ಕೂ ಇದೇ ಕ್ರಿಯಾಪದ, ಇನ್ನೊಬ್ಬರು ಮಾಡೋದಕ್ಕೂ ಇದೇ. ನನಗೆ ಇದು ಮನಸ್ಸಿಗೆ ಹತ್ತಿದ್ದು ದಾವಣಗೆರೆಯ ಹತ್ತಿ ಗಿರಣಿಯಿಂದ. ನಮ್ಮಪ್ಪ ಸೈಜಿಂಗ್ ವಿಭಾಗದಲ್ಲಿದ್ದರು. ಹಾಸಿನ ನೂಲನ್ನ, ಅಂದರೆ ಬಟ್ಟೆಯ ಉದ್ದಕ್ಕೆ ಬರೋ ಎಳೆಗಳನ್ನ, ಬಿಸಿ ಗಂಜಿಯಲ್ಲಿ ಅದ್ದಿ, ಹಿಂಡಿ, ಕಾದ ಉರುಳೆಗಳ ಮೇಲೆ ಹಾಯಿಸಿ ಒಣಗಿಸೋದು ಅಲ್ಲಿನ ಕೆಲಸ. ಗಂಜಿ ಇಲ್ಲದಿದ್ದರೆ ಮಗ್ಗದ ಉಜ್ಜಾಟಕ್ಕೆ ನೂಲು ಜುಂಗೆದ್ದು ಪಟಪಟ ಹರಿಯುತ್ತೆ. ಒಣಗಿದ ಎಳೆ ಮುಟ್ಟಿದರೆ ತಂತಿ ಹಾಗೆ ನೆಟ್ಟಗೆ ನಿಲ್ಲೋದು. ಗಂಜಿ ನೂಲನ್ನ ಸ್ಟಿಫನ್ ಮಾಡಿತು, ನೂಲು ಸ್ಟಿಫನ್ ಆಯಿತು. ಎರಡಕ್ಕೂ ಅದೇ ಪದ, ಬೇರೆ ರೂಪ ಹುಡುಕೋದು ಬೇಡ.

ನಿನ್ನ ಕೆಲಸಕ್ಕೆ ಇದಕ್ಕಿಂತ ಮುಖ್ಯವಾದ ಮಾತಿದೆ. ನಮ್ಮ ಕಡೆ ಅಜ್ಜಿಯರು ‘ಕಾಲು ಮರಗಟ್ಟೈತೆ’ ಅಂತಾರೆ. ಮರ ಅಂದ ತಕ್ಷಣ ಸ್ಟಿಫ್ ಅಂತ ಬರೆದುಬಿಡಬೇಡ. ಮುಟ್ಟಿದ್ದು ಗೊತ್ತಾಗ್ತಿಲ್ಲ ಅನ್ನೋದು ಅವರ ದೂರು. ಇಂಗ್ಲಿಷಿನಲ್ಲಿ ಅದು ‘ನಂಬ್’ (numb). ‘ಹಿಡ್ಕೊಂಡೈತೆ’ ಅಂದರೆ ಸ್ಟಿಫ್. ಈ ಎರಡು ಅದಲು ಬದಲಾದರೆ ಡಾಕ್ಟರು ಬೇರೆಯದೇ ಕಾಯಿಲೆ ಹುಡುಕಬೇಕಾಗುತ್ತೆ. ದಯವಿಟ್ಟು ಇನ್ನೊಂದು ಸಲ ಕೇಳಿ ಬರೆ.

ಬೆಳಿಗ್ಗೆ ಕೀಲು ಹಿಡಿಯುತ್ತೆ ಅಂದರೆ, ಸಡಿಲ ಆಗೋಕೆ ಎಷ್ಟು ಹೊತ್ತು ಬೇಕು ಅಂತಲೂ ಕೇಳು. ಸವೆದ ಮಂಡಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲ ಆಗುತ್ತೆ. ರುಮಟಾಯ್ಡ್ ಸಂಧಿವಾತದಲ್ಲಿ ಒಂದು ಗಂಟೆಗೂ ಜಾಸ್ತಿ ಹಿಡಿಯೋದು ಉಂಟು. ಇನ್ನು ಜ್ವರ, ತಲೆನೋವಿನ ಜೊತೆ ಕುತ್ತಿಗೆ ಬಾಗದೆ ಬಿಗಿದಿದ್ದರೆ ಮಿದುಳಿನ ಪೊರೆಯ ಸೋಂಕು ಇರಬಹುದು. ಅದನ್ನ ದಿಂಬಿನ ದೋಷ ಅಂತ ಬಿಡೋ ಹಾಗಿಲ್ಲ, ಆಗಲೇ ಡಾಕ್ಟರಿಗೆ ಹೇಳಬೇಕು.

ಪ್ರಶ್ನೆ: ‘ಸ್ಟಿಫನ್’, ‘ಹಾರ್ಡನ್’ ಎರಡೂ ಒಂದೇ ಅಲ್ವಾ? ಬೆಣ್ಣೆ ದೋಸೆ ಆರಿದರೆ ಯಾವುದನ್ನ ಹೇಳಬೇಕು?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಎಷ್ಟೋ ಕಡೆ ಎರಡೂ ನಡೆಯುತ್ತವೆ. ಆದರೆ ಒತ್ತಿದರೆ ತಗ್ಗದೇ ಇರೋದಕ್ಕೆ ಹಾರ್ಡನ್, ಬಗ್ಗಿಸಿದರೆ ಬಗ್ಗದೇ ಇರೋದಕ್ಕೆ ಸ್ಟಿಫನ್. ಸಿಮೆಂಟು ಹಾರ್ಡನ್ ಆಗುತ್ತೆ. ಫ್ರಿಜ್‌ನಲ್ಲಿಟ್ಟ ಬೆಣ್ಣೆಯೂ ಅಷ್ಟೇ. ಆರಿದ ದೋಸೆಗೆ ನಾನು ಸ್ಟಿಫನ್ ಅಂತಲೇ ಹೇಳ್ತೇನೆ. ಬೆಂದಾಗ ಸಡಿಲವಾಗಿದ್ದ ಅಕ್ಕಿ ಪಿಷ್ಟದ ಕಣಗಳು ಆರ್ತಾ ಆರ್ತಾ ಮತ್ತೆ ಒತ್ತಾಗಿ ಸೇರಿಕೊಳ್ಳುತ್ತವೆ, ಅದಕ್ಕೇ ಮಡಚಲು ಹೋದರೆ ಮುರಿಯುತ್ತೆ. ಕಾದ ಹಂಚಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿ ಮುಚ್ಚಿಡಿ, ಮೆತ್ತಗಾಗುತ್ತೆ. ಅದು ‘ಸಾಫನ್’. ಬರೆಯುವಾಗ ಅದರಲ್ಲಿ ‘ಟಿ’ ಅಕ್ಷರ ಇರುತ್ತೆ, ಓದುವಾಗ ಇರೋದಿಲ್ಲ.