ನರ್ಸಿಂಗಿಗೆ ಮೊದಲು ಒಂದು ವರ್ಷ ಬಿಡುವುದೇ? ಕಾಸರಗೋಡಿನಿಂದ ಉತ್ತರ

ಪ್ಲಸ್ ಟು ಮುಗಿಸಿದ ಹುಡುಗಿ ನರ್ಸಿಂಗಿಗೆ ಸೇರುವ ಮೊದಲು ಒಂದು ವರ್ಷ ಸುಮ್ಮನಿರಬಹುದೇ ಎಂದು ಮೈಸೂರಿನಿಂದ ಕೇಳಿದ್ದೀರಿ. ಮೈಸೂರಿನಲ್ಲಿ ಕೂತು ನೋಡಿದರೆ ಇದು ದಣಿವಿನ ಮಾತು. ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಮೊದಲು ಕ್ಯಾಲೆಂಡರು ನೋಡಬೇಕು, ಆಮೇಲೆ ಕಾಗದಪತ್ರ, ದಣಿವು ಅದಾದ ಮೇಲೆ. ಯಾಕೆಂದು ಹೇಳುತ್ತೇನೆ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಕಾಯಿಲೆ ಜೋರಾದರೆ ನಮ್ಮ ಜನ ಇವತ್ತಿಗೂ ತಲಪಾಡಿ ಗಡಿ ದಾಟಿ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೇ ಓಡುವುದು. 2020ರ ಮಾರ್ಚಿನಲ್ಲಿ ಆ ಗಡಿ ಮುಚ್ಚಿದಾಗ ಇಲ್ಲಿಯ ರೋಗಿಗಳು ಪಟ್ಟ ಪಾಡು ದೇಶಕ್ಕೇ ಗೊತ್ತು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರೂ ಅದು ಕಾಲೇಜಾಗಿ ನಿಲ್ಲಲು ವರ್ಷಗಳೇ ಹಿಡಿದವು. ಎಣ್ಮಕಜೆ, ಬೆಳ್ಳೂರಿನಂಥ ಪಂಚಾಯಿತಿಗಳಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಫಲ ಉಣ್ಣುತ್ತಿರುವ ಮನೆಗಳಿವೆ. ಹಾಸಿಗೆ ಹಿಡಿದವರನ್ನು ನೋಡಿಯೇ ಬೆಳೆದ ಮಕ್ಕಳಿಗೆ ನರ್ಸಿಂಗ್ ದೂರದ ಕನಸೇನಲ್ಲ. ಕೇರಳದ ಬಾಗಿಲು, ಕರ್ನಾಟಕದ ಬಾಗಿಲು ಎರಡೂ ಅವರಿಗೆ ತೆರೆದಿವೆ. ತೊಡಕಿರುವುದು ಎರಡೂ ಬೇರೆ ಬೇರೆ ಹೊತ್ತಿಗೆ ತೆರೆದು ಮುಚ್ಚುವುದರಲ್ಲಿ.

ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗಿನ ಸರ್ಕಾರಿ ಕೋಟಾ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ, ಸಿಇಟಿ ಬರೆದವರಿಗೆ. ಅರ್ಜಿ ವರ್ಷದ ಆರಂಭದಲ್ಲೇ, ಪರೀಕ್ಷೆ ಹೆಚ್ಚಾಗಿ ಏಪ್ರಿಲಿನಲ್ಲಿ. ನಮ್ಮ ಮಕ್ಕಳು ‘ಗಡಿನಾಡ ಕನ್ನಡಿಗ’ ಎಂಬ ವರ್ಗದಲ್ಲಿ ಅರ್ಜಿ ಹಾಕಬಹುದು. ಮಾತೃಭಾಷೆ ಕನ್ನಡವೋ ತುಳುವೋ ಆಗಿರಬೇಕು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸವಿದ್ದು ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ಅಲ್ಲೇ ಓದಿರಬೇಕು. ಕನ್ನಡ ಭಾಷಾ ಪರೀಕ್ಷೆಯನ್ನೂ ಪಾಸಾಗಬೇಕು. ಈ ವರ್ಗವನ್ನು ಅರ್ಜಿಯಲ್ಲೇ ಗುರುತು ಮಾಡಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕೇರಳದಲ್ಲಿ ಪ್ರವೇಶ ಪರೀಕ್ಷೆಯ ತಲೆಬಿಸಿ ಇಲ್ಲ. ಪ್ಲಸ್ ಟು ಫಲಿತಾಂಶ ಬಂದ ಮೇಲೆ ಎಲ್‌ಬಿಎಸ್ ಸೆಂಟರ್ ಎಂಬ ಸರ್ಕಾರಿ ಸಂಸ್ಥೆ ಅರ್ಜಿ ಕರೆದು, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅಂಕದ ಮೇಲೆ ಸೀಟು ಹಂಚುತ್ತದೆ. ಸುತ್ತಿನ ಮೇಲೆ ಸುತ್ತು ಅಲಾಟ್‌ಮೆಂಟ್ ಆಗಿ ತರಗತಿ ಶುರುವಾಗುವಷ್ಟರಲ್ಲಿ ಹೆಚ್ಚಿನ ವರ್ಷ ಮಳೆಯ ಜೋರು ಕಡಿಮೆಯಾಗಿರುತ್ತದೆ.

ಮೇ ತಿಂಗಳಲ್ಲಿ ಫಲಿತಾಂಶ ನೋಡಿ ಯೋಚಿಸೋಣ ಎಂದು ಕೂತ ಮನೆಯವರಿಗೆ ಅಷ್ಟರಲ್ಲಿ ಕರ್ನಾಟಕದ ಸರ್ಕಾರಿ ಕೋಟಾ ಕೈತಪ್ಪಿರುತ್ತದೆ. ಹಲವು ಮನೆಗಳಲ್ಲಿ ಒಂದು ವರ್ಷ ಬಿಡುವುದೆಂದರೆ ಇದೇ. ಯಾರೂ ಕೂತು ತೀರ್ಮಾನ ಮಾಡಿರುವುದಿಲ್ಲ, ಅರ್ಜಿ ತುಂಬದೆ ವರ್ಷ ಹೋಗಿರುತ್ತದೆ. ಹಾಗಾಗಿ ನನ್ನ ಮೊದಲ ಸಲಹೆ: ಬಿಡುವು ಬೇಕೆನಿಸಿದರೂ ಎರಡೂ ಕಡೆ ಅರ್ಜಿ ಹಾಕಿಡಿ. ಹೆಚ್ಚೆಂದರೆ ಅರ್ಜಿ ಶುಲ್ಕ ಹೋದೀತು. ಆದರೆ ಮನಸ್ಸಿಲ್ಲದೆ ಸೇರಿಸಿ, ಎರಡು ತಿಂಗಳಲ್ಲಿ ಬಿಡಿಸುವ ಕೆಲಸ ಮಾತ್ರ ಮಾಡಬೇಡಿ. ಪ್ರವೇಶದ ಗಡುವು ಮುಗಿದ ಮೇಲೆ ಬಿಟ್ಟರೆ ದಂಡ ಕಟ್ಟಬೇಕಾಗಬಹುದು, ಉಳಿದ ವರ್ಷಗಳ ಶುಲ್ಕ ಕೇಳುವ ಖಾಸಗಿ ಕಾಲೇಜುಗಳೂ ಇವೆ. ಅದು ಇತ್ಯರ್ಥವಾಗುವ ತನಕ ಮೂಲ ಪ್ರಮಾಣಪತ್ರಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಇನ್ನು ದಣಿವಿನ ಮಾತು. ಮಾರ್ಚ್ ಕೊನೆಗೆ ಪರೀಕ್ಷೆ ಮುಗಿದರೆ ಕಾಲೇಜು ಶುರುವಾಗುವವರೆಗೆ ಐದಾರು ತಿಂಗಳು ಹೇಗೂ ಸಿಗುತ್ತದೆ. ಬರಿಯ ಆಯಾಸಕ್ಕೆ ಅಷ್ಟು ಸಾಕು, ಅದರ ಮೇಲೆ ಮತ್ತೊಂದು ವರ್ಷ ಬೇಡ. ಪೂರ್ತಿ ವರ್ಷ ಬಿಡಬೇಕಾದರೆ ಆ ವರ್ಷಕ್ಕೆ ಹೆಸರಿಟ್ಟು ಹೇಳಬಹುದಾದ ಒಂದು ಕೆಲಸ ಇರಬೇಕು.

ಅಂಕ ಕಡಿಮೆಯಾದದ್ದು ಅಂಥ ಒಂದು ಕಾರಣ. ಕೇರಳದ ಪ್ಲಸ್ ಟುವಿನಲ್ಲಿ ಎರಡು ವರ್ಷ ಸೇರಿ ಒಂದು ವಿಷಯಕ್ಕೆ 200, ಮೂರು ವಿಜ್ಞಾನ ವಿಷಯಕ್ಕೆ 600. ಕೇರಳದ ಸೀಟಿಗೆ ಸಾಮಾನ್ಯ ವರ್ಗದವರಿಗೆ ಇದರಲ್ಲಿ ಶೇ. 50, ಅಂದರೆ 300 ಬೇಕು. ಭಾರತೀಯ ನರ್ಸಿಂಗ್ ಪರಿಷತ್ತಿನ ಕನಿಷ್ಠ ಮಟ್ಟ ಶೇ. 45, ಅಂದರೆ 270. 285 ಬಂದ ಸಾಮಾನ್ಯ ವರ್ಗದ ಹುಡುಗಿಗೆ ಕೇರಳದ ಬಾಗಿಲು ಮುಚ್ಚಿದೆ, ಪರಿಷತ್ತಿನ ಲೆಕ್ಕದಲ್ಲಿ ಮಾತ್ರ ಅವಳು ಅರ್ಹಳೇ. ಇದನ್ನು ಲೆಕ್ಕ ಹಾಕದೆ ‘ಮಾರ್ಕು ಸಾಲದು’ ಎಂದು ವರ್ಷ ಬಿಡಿಸಬೇಡಿ. ವರ್ಷ ಬಿಡುವ ಮೊದಲು ‘ಸೇ’ ಎಂಬ ಪೂರಕ ಪರೀಕ್ಷೆಯ ಜೊತೆ ಒಂದು ವಿಷಯದ ಅಂಕ ಸುಧಾರಿಸಿಕೊಳ್ಳುವ ಅವಕಾಶ ಇದೆಯೇ ಎಂದು ಶಾಲೆಯಲ್ಲೇ ವಿಚಾರಿಸಿ.

ಎರಡನೆಯ ಕಾರಣ ವಯಸ್ಸು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಬೇಗ ಶಾಲೆಗೆ ಸೇರಿಸಿದ ಮಕ್ಕಳಿಗೆ ಮಾತ್ರ ಇದು ಅಡ್ಡ ಬರುತ್ತದೆ. ಮೂರನೆಯದು ವೈದ್ಯಕೀಯ ಸೀಟಿಗಾಗಿ ನೀಟ್ ಮತ್ತೆ ಬರೆಯುವುದು. ಇಲ್ಲಿ ಅದಕ್ಕೆ ‘ರಿಪೀಟ್’ ಎನ್ನುತ್ತಾರೆ. ಒಂದು ರಿಪೀಟ್ ಸರಿ, ಅದೂ ನರ್ಸಿಂಗ್ ಅರ್ಜಿಯನ್ನು ಜೊತೆಗೆ ತುಂಬಿದರೆ. ಎರಡನೇ ರಿಪೀಟಿನ ಹೊತ್ತಿಗೆ ಮಗುವಿನ ಉತ್ಸಾಹ ಸೋರಿಹೋಗಿರುತ್ತದೆ, ನರ್ಸಿಂಗಿಗೆ ಬರುವಾಗ ಸೋತು ಬಂದ ಭಾವ ಹೊತ್ತುಕೊಂಡೇ ಬರುತ್ತದೆ. ಅದು ಆ ಮಗುವಿಗೂ ಅನ್ಯಾಯ, ಮುಂದೆ ಅದರ ಕೈಗೆ ಬರುವ ರೋಗಿಗೂ ಅನ್ಯಾಯ.

ಮನೆಯಲ್ಲಿ ಕಾಯಿಲೆ, ಹಣದ ಅಡಚಣೆ ಇದ್ದರೆ ಅದು ಮನೆಯವರ ತೀರ್ಮಾನ. ಒಂದು ಮಾತು ಮಾತ್ರ ಹೇಳಲೇಬೇಕು. ‘ಅಷ್ಟರವರೆಗೆ ಜವಳಿ ಅಂಗಡಿಗೆ ಹೋಗಲಿ’ ಎಂದು ಕಳಿಸಿದ ಹುಡುಗಿಯ ಸಂಬಳಕ್ಕೆ ಮನೆ ಒಗ್ಗಿಕೊಳ್ಳುತ್ತದೆ, ಅಷ್ಟರಲ್ಲಿ ಸಂಬಂಧವೂ ಕೇಳಿಬರುತ್ತದೆ. ಓದು ಮುಂದುವರಿಯುವ ತಾರೀಕನ್ನು ಮೊದಲೇ ಎಲ್ಲರೆದುರು ಹೇಳಿಟ್ಟಿರಬೇಕು.

ತಾನಾಗಿ ಸಿಗುವ ಆ ಐದಾರು ತಿಂಗಳಲ್ಲಿ ಏನು ಮಾಡಬೇಕು? ಮೊದಲು ಹೆಪಟೈಟಿಸ್ ಬಿ ಲಸಿಕೆ. ಹಿಂದೆ ಹಾಕಿಸಿದ ದಾಖಲೆ ಇಲ್ಲದಿದ್ದರೆ ಮೂರು ಡೋಸು: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಏಪ್ರಿಲಿನಲ್ಲಿ ಶುರು ಮಾಡಿದರೆ ಅಕ್ಟೋಬರಿಗೆ ಮುಗಿಯುತ್ತದೆ, ವಾರ್ಡಿಗೆ ಕಾಲಿಟ್ಟು ಸೂಜಿ ಹಿಡಿಯುವ ಹೊತ್ತಿಗೆ ರಕ್ಷಣೆ ಇರುತ್ತದೆ.

ಆಮೇಲೆ ಭಾಷೆ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಮೊದಲ ಸೆಮಿಸ್ಟರಿನಲ್ಲೇ ಅನಾಟಮಿ, ಫಿಸಿಯಾಲಜಿ, ಸೈಕಾಲಜಿ, ನರ್ಸಿಂಗ್ ಫೌಂಡೇಶನ್ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕು. ದಿನಕ್ಕೆ ಒಂದು ಪುಟ ಬಯಾಲಜಿಯನ್ನು ಗಟ್ಟಿಯಾಗಿ ಓದಿ, ಸ್ವಂತ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರೆ ಐದು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ವಾರ್ಡಿನ ಭಾಷೆ ಬೇರೆಯೇ. ಹೊಟ್ಟೆನೋವಿಗೆ ತುಳುವಿನ ಅಜ್ಜಿ ‘ಬಂಜಿ ಬೇನೆ’ ಎನ್ನುತ್ತಾಳೆ, ಮಲಯಾಳದವರು ‘ವಯರು ವೇದನ’ ಎನ್ನುತ್ತಾರೆ. ಮಲಯಾಳದಲ್ಲಿ ‘ಪನಿ’ ಎಂದರೆ ಜ್ವರ ಎಂದು ನಿಮ್ಮ ಮೈಸೂರಿನ ಹುಡುಗಿಗೆ ಹೇಳಿಕೊಡಬೇಕು, ನಮ್ಮವರಿಗೆ ಬೇಡ. ಆದರೆ ಮಲಯಾಳ ಮಾತಾಡಬಲ್ಲ ನಮ್ಮ ಮಕ್ಕಳಲ್ಲಿ ಹಲವರು ಅದನ್ನು ಸರಾಗವಾಗಿ ಓದಲಾರರು. ಕೇರಳದಲ್ಲೇ ಕೆಲಸ ಮಾಡುವ ಆಸೆಯಿದ್ದರೆ ಲಿಪಿ ಕಲಿಯುವುದಕ್ಕೆ ಇದೇ ಸಮಯ.

ಮನಸ್ಸು ಗಟ್ಟಿಯಿದೆಯೇ ಎಂಬ ಸಂಶಯಕ್ಕೆ ನಮ್ಮಲ್ಲಿ ಒಳ್ಳೆಯ ದಾರಿಯಿದೆ. ಕೇರಳದ ಪಂಚಾಯಿತಿಗಳಲ್ಲಿ ಹಾಸಿಗೆ ಹಿಡಿದವರ ನೋವು ತಗ್ಗಿಸಿ ಆರೈಕೆ ಮಾಡುವ ಪಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡು ಸ್ವಯಂಸೇವಕಿಯಾಗಿ ನಾಲ್ಕು ಸಲ ಜೊತೆಗೆ ಹೋಗಿ ಬರಲಿ. ಹಾಸಿಗೆ ಹುಣ್ಣಿನ ಹಳೆ ಪಟ್ಟಿ ಚರ್ಮಕ್ಕೆ ಅಂಟಿರುತ್ತದೆ. ನರ್ಸ್ ಅದನ್ನು ಎಳೆಯುವುದಿಲ್ಲ, ಸಲೈನ್ ಸುರಿದು ನೆನೆಯಲು ಬಿಟ್ಟು, ಅಂಚಿನಿಂದ ಮೆಲ್ಲಗೆ ಎತ್ತುತ್ತಾರೆ. ಆ ವಾಸನೆ, ರೋಗಿ ಹಲ್ಲು ಕಚ್ಚುವುದು, ಬಾಗಿಲಲ್ಲಿ ನಿಂತ ಮನೆಯವರು, ಎಲ್ಲವನ್ನೂ ಹುಡುಗಿ ಹತ್ತಿರದಿಂದ ನೋಡಲಿ. ಮೊದಲ ದಿನ ಮುಖ ತಿರುಗಿಸಿದರೆ ಗಾಬರಿ ಬೇಡ. ನಾಲ್ಕನೇ ಸಲವೂ ಹೋಗಲು ಮನಸ್ಸಿಲ್ಲದಿದ್ದರೆ ಆಗ ಮಾತಾಡಿ. ಬಿಎಸ್ಸಿಯಲ್ಲಿ ಥಿಯರಿಗೆ ಶೇ. 80 ಹಾಜರಿ ಸಾಕು, ಕ್ಲಿನಿಕಲ್ ಹಾಜರಿ ಮಾತ್ರ ಪದವಿ ಸಿಗುವುದರೊಳಗೆ ಶೇ. 100 ತುಂಬಲೇಬೇಕು. ಬೇಡದ ಮನಸ್ಸಿನಿಂದ ಅದು ಸಾಧ್ಯವಿಲ್ಲ.

ಮನೆಯಲ್ಲಿ ಕೂತ ಮಗುವಿನ ಫೋನಿಗೆ ಏಜೆಂಟರ ಕರೆ ಬರಲು ಶುರುವಾಗುತ್ತದೆ. ‘ಬೆಂಗಳೂರಲ್ಲಿ ಎರಡೇ ಸೀಟು ಉಳಿದಿದೆ, ಸರ್ಟಿಫಿಕೇಟ್ ಕೊಡಿ, ಅಡ್ವಾನ್ಸ್ ಹಾಕಿ.’ ಮೂಲ ಪ್ರಮಾಣಪತ್ರವನ್ನು ಏಜೆಂಟರ ಕೈಗೆ ಯಾವ ಕಾರಣಕ್ಕೂ ಕೊಡಬೇಡಿ. ಕಾಲೇಜಿನ ಹೆಸರು ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಆ ವರ್ಷಕ್ಕೆ ಇದೆಯೇ ನೋಡಿ, ಕೇರಳಕ್ಕೆ ಮರಳಿ ನೋಂದಣಿ ಮಾಡಿಸುವ ಯೋಚನೆಯಿದ್ದರೆ ಇಲ್ಲಿಯ ಕೌನ್ಸಿಲಿನಲ್ಲೂ ವಿಚಾರಿಸಿ.

ಎಲ್ಲ ನೋಡಿ ವರ್ಷ ಬಿಡುವುದೆಂದೇ ಆದರೆ ಕಾಗದಪತ್ರ ಈಗಲೇ ಸರಿಮಾಡಿ. ಎಸ್ಸೆಸ್ಸೆಲ್ಸಿ ಪುಸ್ತಕ, ಆಧಾರ್, ರೇಶನ್ ಕಾರ್ಡು ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಒಂದರಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಒಂದರಲ್ಲಿ ಮನೆಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ. ಎರಡು ಲಿಪಿಗಳ ನಡುವೆ ಬದುಕುವವರಿಗೆ ಇದು ಮಾಮೂಲು, ಕೌನ್ಸೆಲಿಂಗ್ ಮೇಜಿನಲ್ಲಿ ಇದೇ ದೊಡ್ಡ ತಕರಾರು. ತಿದ್ದಿಸಲು ತಿಂಗಳುಗಳೇ ಬೇಕು. ಆದಾಯ ಮತ್ತು ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರಗಳಿಗೆ ಅವಧಿಯಿದೆ, ಮುಂದಿನ ವರ್ಷಕ್ಕೆ ಕೇರಳದ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಿಂದ ಹೊಸತಾಗಿ ಮಾಡಿಸಬೇಕು. ಟಿಸಿ, ಮೈಗ್ರೇಷನ್ ಜೋಪಾನ. ನಡುವಿನ ವರ್ಷ ಬೇರೆಲ್ಲೂ ಸೇರಿರಲಿಲ್ಲ ಎಂಬ ಅಫಿಡವಿಟ್ಟನ್ನು ಹಲವು ಕಾಲೇಜುಗಳು ಕೇಳುತ್ತವೆ. ಹಿಂದಿನ ವರ್ಷದ ಸಿಇಟಿ ರ‍್ಯಾಂಕ್ ನಡೆಯುವುದಿಲ್ಲ, ಮತ್ತೆ ಬರೆಯಬೇಕು. ಆದ್ದರಿಂದ ಹೊಸ ವರ್ಷ ಶುರುವಾದ ಮೇಲೆ ವಾರಕ್ಕೆರಡು ಸಲ ಕೆಇಎ ಜಾಲತಾಣ ತೆರೆದು ನೋಡುವ ಕೆಲಸವನ್ನು ಮನೆಯಲ್ಲಿ ಯಾರಾದರೂ ಒಬ್ಬರಿಗೆ ವಹಿಸಿಬಿಡಿ.