ಊರಲ್ಲಿ ಹಳೆಯ ಸಿನಿಮಾ ತೋರಿಸುವ ಗುಂಪಿಗೆ 25,000 ರೂಪಾಯಿ ಕೊಡಬೇಕೆಂದಿದ್ದೇನೆ. ಪ್ರೊಜೆಕ್ಟರ್ ಕೊಡಿಸಲೇ, ಬೆಂಗಳೂರಿನಿಂದ ಅತಿಥಿಗಳನ್ನು ಕರೆಸಲೇ?

ಎರಡೂ ಬೇಡ. ಅತಿಥಿಗಳಂತೂ ಖಂಡಿತ ಬೇಡ. ಆರು ವರ್ಷ ಕಟ್ಟಿದ್ದನ್ನು ಒಬ್ಬ ಅತಿಥಿಗಾಗಿ ಒಂದೇ ವಾರದಲ್ಲಿ ಕೆಡಿಸಿದವನು ನಾನು.

ಭದ್ರಾವತಿಯಲ್ಲಿ ನಾವು ನಾಲ್ವರು ಸೇರಿ ಪ್ರತಿ ತಿಂಗಳ ಎರಡನೇ ಭಾನುವಾರ ಸಂಜೆ ಐದಕ್ಕೆ ಸಿನಿಮಾ ಹಾಕುತ್ತಿದ್ದೆವು. ‘ಬೆಳ್ಳಿಮೋಡ’, ‘ಸಂಸ್ಕಾರ’, ‘ಚೋಮನ ದುಡಿ’. ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿ, ಬೆಳಕು ಬರದಂತೆ ಕಿಟಕಿಗೆ ಕಂಬಳಿ. ಮೂವತ್ತು ಮೂವತ್ತೈದು ಜನ ಬರುತ್ತಿದ್ದರು. ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು, ಪೇಪರ್ ಟೌನಿನ ಕೆಲವು ಮನೆಯವರು, ಇಬ್ಬರು ಮೇಷ್ಟ್ರು, ತರೀಕೆರೆಯಿಂದ ಬಸ್ಸಲ್ಲಿ ಬರುವ ಒಬ್ಬ ಹಿರಿಯರು ಮತ್ತು ಅವರ ಮನೆಯವರು. ಯಾರಿಗೂ ಫೋನ್ ಮಾಡಿ ಕರೆಯಬೇಕಿರಲಿಲ್ಲ. ಎರಡನೇ ಭಾನುವಾರ ಎಂದರೆ ಸಿನಿಮಾ ಇದೆ ಅಂತಲೇ ಲೆಕ್ಕ.

ಆ ತಿಂಗಳು ‘ಘಟಶ್ರಾದ್ಧ’ ಇತ್ತು. ಹುಡುಗರು ಬರುವುದಿಲ್ಲ, ಹೆಸರಿರುವ ಒಬ್ಬರು ಬಂದು ಮಾತಾಡಿದರೆ ಬರುತ್ತಾರೆ ಎಂದು ನನ್ನ ತಲೆಗೆ ಹೊಕ್ಕಿತು. ಅವರಿಗೆ ಶನಿವಾರ ಮಾತ್ರ ಬಿಡುವು. ಒಂದು ದಿನ ಹಿಂದೆ ತಾನೇ ಅಂದುಕೊಂಡು ಒಪ್ಪಿದೆ. ವಾಟ್ಸಾಪ್ ಗುಂಪಿಗೆ ಬರೆದೆ, ಎರಡು ಪತ್ರಿಕೆಗೆ ಸುದ್ದಿ ಕೊಟ್ಟೆ. ಎಲ್ಲರಿಗೂ ತಲುಪಿತು ಎಂದು ನಂಬಿದೆ. ನಮ್ಮಲ್ಲಿ ತಪ್ಪದೇ ಬರುತ್ತಿದ್ದವರಲ್ಲಿ ಅರ್ಧ ಜನ ಆ ಗುಂಪಿನಲ್ಲೇ ಇರಲಿಲ್ಲ. ಇರಬೇಕಾದ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ, ದಿನ ಗೊತ್ತಿತ್ತಲ್ಲ! ಅವರ ಬಳಿ ಇದ್ದ ಒಂದೇ ಸೂಚನೆ ಎಂದರೆ ಕ್ಯಾಲೆಂಡರ್. ಅದನ್ನೇ ನಾನು ಸುಳ್ಳು ಮಾಡಿದೆ.

ಶನಿವಾರ ಹಾಲ್ ತುಂಬಿತು. ಭಾಷಣ ಐವತ್ತು ನಿಮಿಷ ನಡೆಯಿತು. ಸಿನಿಮಾ ಶುರುವಾಗುವಷ್ಟರಲ್ಲಿ ಹಿಂದಿನ ಸಾಲುಗಳು ಖಾಲಿ. ಭಾನುವಾರ ಐದಕ್ಕೆ ಹನ್ನೊಂದು ಜನ ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದರಂತೆ. ತರೀಕೆರೆಯವರೂ ಇದ್ದರು. ಮುಂದಿನ ತಿಂಗಳು ಒಂಬತ್ತು ಜನ ಬಂದರು. ಶನಿವಾರದ ಹೊಸಬರಲ್ಲಿ ಒಬ್ಬರೂ ಇರಲಿಲ್ಲ. ಅರ್ಧ ವರ್ಷ ತಳ್ಳಿ ನಿಲ್ಲಿಸಿದೆವು. ತರೀಕೆರೆಗೆ ಹೋಗಿ ಕ್ಷಮೆ ಕೇಳಿದೆ. ಆ ಅಮ್ಮ ಕಾಫಿ ಕೊಟ್ಟು, “ಇವರಿಗೆ ಮೊಣಕಾಲು ನೋವು ಮಾರಾಯ್ರೆ, ಇದೆಯೋ ಇಲ್ಲವೋ ಅಂತ ಅನುಮಾನ ಇಟ್ಟುಕೊಂಡು ಬಸ್ ಹತ್ತೋಕೆ ಆಗಲ್ಲ” ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ವಿವರಿಸುವವರಿಲ್ಲದೆ ಸಣ್ಣ ಊರಿನವರಿಗೆ ಇಂಥ ಸಿನಿಮಾ ಅರ್ಥವಾಗದು ಎಂಬ ಭಯವೇ ಅತಿಥಿಗಳನ್ನು ಕರೆಸುವುದು. 1973ರಲ್ಲಿ ರಂಗಕರ್ಮಿ ಕೆ.ವಿ. ಸುಬ್ಬಣ್ಣ ಸಾಗರದ ಹತ್ತಿರದ ಹಳ್ಳಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದರು. ಆ ಭಯಕ್ಕೆ ಉತ್ತರ ಅಲ್ಲೇ ಸಿಕ್ಕಿದೆ.

ನಿಮ್ಮ ಹಣವನ್ನು ಹಾಲ್‌ಗೆ ಕೊಡಿ. ಇಡೀ ವರ್ಷದ ಹನ್ನೆರಡು ದಿನಗಳಿಗೆ ಮುಂಗಡ ಕಟ್ಟಿ ರಸೀದಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಮಾಘದಲ್ಲೋ ವೈಶಾಖದಲ್ಲೋ ಮದುವೆಯವರು ಬಂದು ನಿಮ್ಮ ಭಾನುವಾರವನ್ನು ಹಾರಿಸಿಕೊಂಡು ಹೋಗುತ್ತಾರೆ. ಉಳಿದದ್ದು ಚಿತ್ರದ ಹಕ್ಕುದಾರರ ಅನುಮತಿಗೆ, ಒಳ್ಳೆಯ ಪ್ರತಿಗೆ ಇರಲಿ. ಯೂಟ್ಯೂಬಿನ ಮಸುಕು ಪ್ರತಿಯನ್ನು ಹತ್ತಡಿ ಪರದೆಗೆ ಹಾಕಿದರೆ ಮುಖವೇ ಕಾಣುವುದಿಲ್ಲ. ‘ಘಟಶ್ರಾದ್ಧ’ವನ್ನೇ ನೋಡಿ, ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಒಳ್ಳೆಯ ಪ್ರತಿಗಾಗಿ ಕೇಳಿಕೊಂಡು ಹೋಗುವುದೇ ಆ ಚಿತ್ರಗಳಿಗೆ ತೋರುವ ಮರ್ಯಾದೆ. ಮತ್ತೆ, ಹಳೆಯ ಕಪ್ಪು-ಬಿಳುಪಿನ ಚಿತ್ರಗಳ ಚೌಕಟ್ಟು ಹೆಚ್ಚಾಗಿ ಚೌಕಕ್ಕೆ ಹತ್ತಿರ. ಪರದೆ ತುಂಬಲಿ ಅಂತ ಅಗಲಕ್ಕೆ ಎಳೆಯಲು ಬಿಡಬೇಡಿ.

ದುಡ್ಡು ಕೊಡುವ ಮೊದಲು ಒಂದು ಸಲ ಹೋಗಿ ಸಿನಿಮಾ ನೋಡಿ, ಕೊನೆಗೆ ಕುರ್ಚಿ ಎತ್ತಿಡಲು ನಿಲ್ಲಿ. ಆಗ ಅವರನ್ನು ಕೇಳಿ, ಮುಂದಿನ ಪ್ರದರ್ಶನ ಯಾವತ್ತು ಅಂತ. “ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತೇವೆ” ಅಂದರೆ, ಮಾರನೇ ಬೆಳಿಗ್ಗೆಯೇ ಅವರನ್ನೂ ಕರೆದುಕೊಂಡು ಹಾಲ್‌ನ ಆಫೀಸಿಗೆ ಹೋಗಿ.